ದನಿ ಅಂಕಿಯಾದ ಬಗೆ: ಕಿತ್ತೂರಿನಿಂದ ದುಬೈವರೆಗೆ

ಯುಎಇಯಲ್ಲಿ ನೆಲೆಸಿದ ಕನ್ನಡಿಗರ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ವೀಸಾ, ಕೆಲಸ, ಸಂಬಳ, ಸಂಘಗಳ ಹುಟ್ಟು ಇವುಗಳಿಂದ ಶುರುಮಾಡುತ್ತಾರೆ. ಊರಿನ ದನಿ ಇಲ್ಲಿಗೆ ಹೇಗೆ ಬರುತ್ತಿತ್ತು ಎಂಬುದಕ್ಕೂ ಒಂದು ಚರಿತ್ರೆ ಇದೆ. ಎಂಬತ್ತರ ದಶಕದಲ್ಲಿ ಅದು ಊರಿಗೆ ಹೋಗಿಬಂದವರ ಚೀಲದಲ್ಲಿ ಕ್ಯಾಸೆಟ್ಟಾಗಿ ಬಂತು, ಅಪರೂಪಕ್ಕೆ ಟ್ರಂಕ್ ಕಾಲ್ ಆಗಿ ಬಂತು. ತೊಂಬತ್ತರ ದಶಕದಲ್ಲಿ ಎಸ್‌ಟಿಡಿ ಬೂತಿನಿಂದ ಬಂತು. ಈಗ ಅಂಗೈಯಲ್ಲಿರುವ ಫೋನಿಗೆ ದಿನಕ್ಕೆ ಹತ್ತು ಸಲ ಬರುತ್ತದೆ. ಈ ಕಾಲಾವಧಿಯಲ್ಲಿ ನಮ್ಮ ಕಣ್ಣಿಗೆ ಬೀಳದಂತೆ ಒಂದು ದೊಡ್ಡ ಬದಲಾವಣೆ ನಡೆಯಿತು. ಅಲೆಯಾಗಿ ಹರಿಯುತ್ತಿದ್ದ ದನಿ ಅಂಕಿಗಳ ಸಾಲಾಯಿತು. ಅನಲಾಗ್ ಹೋಗಿ ಡಿಜಿಟಲ್ ಬಂತು. ಆ ಬದಲಾವಣೆಯ ಒಂದು ಮುಖ್ಯ ಘಟ್ಟ ಕರ್ನಾಟಕದ ಕಿತ್ತೂರಿನಲ್ಲೇ ನಡೆಯಿತೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಾರದು.

ನಾನು ವೈದ್ಯ, ಎಂಜಿನಿಯರ್ ಅಲ್ಲ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಓದಿ, 1988ರಲ್ಲಿ ದುಬೈಗೆ ಬಂದು, ಅಲ್ಲಿಯೂ ಅಬುಧಾಬಿಯಲ್ಲಿಯೂ ಕೆಲಸ ಮಾಡಿ ನಿವೃತ್ತನಾದವನು. ಆದರೆ ದೇಹದ ಏರಿಳಿತಗಳನ್ನು ಅಂಕಿಗಳಾಗಿ ಬರೆದಿಡುವುದೇ ನಮ್ಮ ವೃತ್ತಿಯ ಅರ್ಧ ಕೆಲಸ. ಆ ದಾರಿಯಿಂದಲೇ ಈ ವಿಷಯವನ್ನು ವಿವರಿಸಲು ಯತ್ನಿಸುತ್ತೇನೆ.

ಜ್ವರದ ಪಟ್ಟಿಯ ಪಾಠ

ಆಸ್ಪತ್ರೆಯಲ್ಲಿ ರೋಗಿಯ ಮಂಚದ ಕಾಲಬಳಿ ತೂಗುಹಾಕಿದ ಜ್ವರದ ಪಟ್ಟಿಯನ್ನು ಎಲ್ಲರೂ ನೋಡಿದ್ದೀರಿ. ರೋಗಿಯ ಮೈಬಿಸಿ ಕ್ಷಣಕ್ಷಣಕ್ಕೂ ಏರುತ್ತ ಇಳಿಯುತ್ತ ಇರುತ್ತದೆ. ಎಲ್ಲಿಯೂ ತುಂಡಾಗದ ಆ ಏರಿಳಿತವೇ ಅನಲಾಗ್. ನರ್ಸ್ ಅದನ್ನು ಇಡೀ ದಿನ ನೋಡುತ್ತ ಕೂರುವುದಿಲ್ಲ. ನಾಲ್ಕು ಗಂಟೆಗೊಮ್ಮೆ ಬಂದು ಥರ್ಮಾಮೀಟರ್ ಇಡುತ್ತಾಳೆ. ಇದು ಮೊದಲ ಹೆಜ್ಜೆ, ಸ್ಯಾಂಪ್ಲಿಂಗ್: ಗೊತ್ತಾದ ಅಂತರದಲ್ಲಿ ಅಳೆಯುವುದು. ಪಾದರಸ ಎರಡು ಗೆರೆಗಳ ನಡುವೆ ನಿಂತಿದ್ದರೆ ಹತ್ತಿರದ ಗೆರೆಯನ್ನೇ ಓದುತ್ತಾಳೆ. ಇದು ಎರಡನೆಯ ಹೆಜ್ಜೆ, ಕ್ವಾಂಟೈಸೇಷನ್: ಅಳತೆಯನ್ನು ಹತ್ತಿರದ ಮೆಟ್ಟಿಲಿಗೆ ಕೂರಿಸುವುದು. ಕೊನೆಗೆ ಆ ಅಂಕಿಯನ್ನು ಪಟ್ಟಿಯಲ್ಲಿ ಬರೆಯುತ್ತಾಳೆ. ಇದು ಮೂರನೆಯದು, ಕೋಡಿಂಗ್. ಯಂತ್ರವಾದರೆ ಅಂಕಿಯನ್ನು ಸೊನ್ನೆ ಮತ್ತು ಒಂದುಗಳಲ್ಲಿ ಬರೆಯುತ್ತದೆ, ಅಷ್ಟೇ ವ್ಯತ್ಯಾಸ. ಅನಲಾಗ್ ಸಂಕೇತ ಡಿಜಿಟಲ್ ಆಗುವುದೆಂದರೆ ಈ ಮೂರು ಹೆಜ್ಜೆ.

ಎಷ್ಟು ಹೊತ್ತಿಗೊಮ್ಮೆ ಅಳೆದರೆ ಸಾಕು? ಮಲೇರಿಯಾದ ಒಂದು ಬಗೆಯಲ್ಲಿ ಜ್ವರ 48 ಗಂಟೆಗೊಮ್ಮೆ ಏರುತ್ತದೆ. ಯಾರಾದರೂ ದಿನ ಬಿಟ್ಟು ದಿನ ಬೆಳಗ್ಗೆ ಎಂಟಕ್ಕೆ ಮಾತ್ರ ಅಳೆದರೆ ಪ್ರತಿಸಲವೂ ಒಂದೇ ಅಂಕಿ ಬಂದೀತು. ಏರಿಳಿತವೇ ಇಲ್ಲವೆಂದು ಪಟ್ಟಿ ಹೇಳುತ್ತದೆ, ರೋಗಿ ಮಾತ್ರ ನಡುಗುತ್ತಿರುತ್ತಾನೆ. ಒಂದು ಸುತ್ತಿನ ಏರಿಳಿತವನ್ನು ಹಿಡಿಯಬೇಕಾದರೆ ಆ ಸುತ್ತಿನೊಳಗೆ ಎರಡಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸ್ವೀಡನ್ನಿನಲ್ಲಿ ಹುಟ್ಟಿ ಅಮೆರಿಕದ ಟೆಲಿಫೋನ್ ಕಂಪನಿಯಲ್ಲಿ ದುಡಿದ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ತಂತಿ ಸಂದೇಶಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಲೆಕ್ಕದ ಬೀಜವಿದೆ. 1933ರಲ್ಲಿ ಸೋವಿಯತ್ ವಿಜ್ಞಾನಿ ಕೊಟೆಲ್ನಿಕೊವ್, 1949ರಲ್ಲಿ ಕ್ಲಾಡ್ ಶಾನನ್ ಇದನ್ನು ಖಚಿತವಾದ ಪ್ರಮೇಯವಾಗಿ ಮಂಡಿಸಿದರು.

ನಕಲುಗಾರನ ಜಾಣತನ

ಇಷ್ಟೆಲ್ಲ ಕಷ್ಟಪಟ್ಟು ದನಿಯನ್ನು ಅಂಕಿ ಮಾಡುವುದಾದರೂ ಏಕೆ? ದೂರದ ಕಾರಣಕ್ಕೆ. ತಂತಿಯಲ್ಲಿ ಹೋಗುವ ದನಿ ದಾರಿಯುದ್ದಕ್ಕೂ ಕ್ಷೀಣಿಸುತ್ತದೆ. ಹೀಗಾಗಿ ಅಲ್ಲಲ್ಲಿ ಅದನ್ನು ಹಿಗ್ಗಿಸುವ ಯಂತ್ರ ಕೂರಿಸಬೇಕು. ಆ ಯಂತ್ರಕ್ಕೆ ಮಾತು ಯಾವುದು, ಗೊರಗೊರ ಸದ್ದು ಯಾವುದು ಎಂದು ತಿಳಿಯದು. ಎರಡನ್ನೂ ಹಿಗ್ಗಿಸುತ್ತದೆ. ನೂರಾರು ಮೈಲಿ ದಾಟುವ ಹೊತ್ತಿಗೆ ಸದ್ದಿನೊಳಗೆ ಮಾತನ್ನು ಹುಡುಕಬೇಕಾಗುತ್ತದೆ. ಹಳೆಯ ಟ್ರಂಕ್ ಕಾಲ್‌ನಲ್ಲಿ ಮನೆಮಂದಿಯೆಲ್ಲ ಯಾಕೆ ಕಿರುಚಿ ಮಾತಾಡುತ್ತಿದ್ದರು ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ.

ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದ ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ 1937ರಲ್ಲಿ ಇದಕ್ಕೆ ಪರಿಹಾರ ಕಂಡ. ದನಿಯನ್ನೇ ಕಳಿಸುವ ಬದಲು ಅದನ್ನು ಅಳೆದ ಅಂಕಿಗಳನ್ನು ಕಳಿಸಿದರೆ? ನಮ್ಮ ತಾಳೆಗರಿ ನಕಲುಗಾರರನ್ನು ನೆನೆಸಿಕೊಂಡರೆ ಇದರ ಲಾಭ ತಿಳಿಯುತ್ತದೆ. ಹಳೆಯ ಗರಿಯಲ್ಲಿ 'ಕ' ಅಕ್ಷರ ಅರ್ಧ ಮಾಸಿದ್ದರೂ ನಕಲುಗಾರ ಅದು 'ಕ' ಎಂದು ಗುರುತಿಸಿ ಹೊಸ ಗರಿಯಲ್ಲಿ ಪೂರ್ತಿ 'ಕ'ವನ್ನೇ ಕೊರೆಯುತ್ತಾನೆ. ಮಾಸಿದ ಗುರುತನ್ನು ನಕಲು ಮಾಡುವುದಿಲ್ಲ. ಹಾಗೆಯೇ ಡಿಜಿಟಲ್ ದಾರಿಯ ಪ್ರತಿ ಠಾಣೆಯೂ ಬಂದದ್ದು ಸೊನ್ನೆಯೋ ಒಂದೋ ಎಂದಷ್ಟೇ ಗುರುತಿಸಿ, ಅದನ್ನು ಹೊಸದಾಗಿ ಬರೆದು ಮುಂದೆ ಕಳಿಸುತ್ತದೆ. ದಾರಿಯ ಕೊಳೆ ಅಲ್ಲಲ್ಲೇ ಉಳಿಯುತ್ತದೆ. ರೀವ್ಸ್ 1938ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಆದರೆ ಆಗಿನ ಗಾಜಿನ ವಾಲ್ವುಗಳಲ್ಲಿ ಇದನ್ನು ಮಾಡುವುದು ದುಬಾರಿಯಾಗಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ, 1962ರಲ್ಲಿ, ಅಮೆರಿಕದ ಬೆಲ್ ವ್ಯವಸ್ಥೆ 24 ಮಾತುಕತೆಗಳನ್ನು ಒಟ್ಟಿಗೆ ಅಂಕಿಗಳಾಗಿ ಸಾಗಿಸಲು ಆರಂಭಿಸಿತು. ಯುರೋಪು 30 ಮಾತುಕತೆಗಳ ಕಟ್ಟನ್ನು ರೂಢಿಸಿಕೊಂಡಿತು. ಭಾರತವೂ ಯುಎಇಯೂ ಆ ಕ್ರಮವನ್ನೇ ಹಿಡಿದವು.

ಎಂಟು ಸಾವಿರದ ಲೆಕ್ಕ

ಟೆಲಿಫೋನಿಗೆ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆಯಬೇಕು, ಪ್ರತಿ ಅಳತೆಗೂ 8 ಬಿಟ್ ಕೊಡಬೇಕು ಎಂದು ಅಂತರರಾಷ್ಟ್ರೀಯ ಮಾನದಂಡ 1972ರಲ್ಲಿ ಗೊತ್ತುಮಾಡಿತು. 8 ಬಿಟ್ ಎಂದರೆ 256 ಮೆಟ್ಟಿಲು. ಒಟ್ಟು ಸೆಕೆಂಡಿಗೆ 64,000 ಬಿಟ್. ಹತ್ತು ನಿಮಿಷದ ಕರೆಯಲ್ಲಿ ಒಬ್ಬರ ದನಿಯಿಂದ 48 ಲಕ್ಷ ಅಳತೆಗಳಾಗುತ್ತವೆ.

ಈ 8,000 ಎಲ್ಲಿಂದ ಬಂತು? ಮಾತು ಅರ್ಥವಾಗಲು ಸೆಕೆಂಡಿಗೆ 300ರಿಂದ 3,400 ಕಂಪನಗಳವರೆಗಿನ ಭಾಗ ಸಾಕೆಂದು ಟೆಲಿಫೋನಿನವರು ಮೊದಲೇ ತೀರ್ಮಾನಿಸಿದ್ದರು. 3,400ರ ಎರಡರಷ್ಟು 6,800. ಸ್ವಲ್ಪ ಕೈಬಿಡುವಿಗೆ 8,000. ಮೇಲಿನ ಕಂಪನಗಳನ್ನು ಅಳೆಯುವ ಮೊದಲೇ ಸೋಸಿ ತೆಗೆಯಲೇಬೇಕು. ಸೋಸದೆ ಬಿಟ್ಟರೆ 5,000 ಕಂಪನಗಳ ಸ್ವರ 3,000ದ ಸ್ವರವಾಗಿ ವೇಷ ಹಾಕಿಕೊಂಡು ಬರುತ್ತದೆ. ಮಲೇರಿಯಾ ಪಟ್ಟಿಯ ಮೋಸವೇ ಇಲ್ಲಿಯೂ.

ಹೀಗೆ ಸೋಸಿ ತೆಗೆದದ್ದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. 'ಸ'ಕಾರದ ಸೀಟಿಯಂಥ ಸದ್ದಿನ ಹೆಚ್ಚಿನ ಭಾಗ 4,000 ಕಂಪನಗಳ ಮೇಲಿರುತ್ತದೆ, 'ಶ' ಸ್ವಲ್ಪ ಕೆಳಗಿರುತ್ತದೆ. ಹಾಗಾಗಿ ಫೋನಿನಲ್ಲಿ 'ಸಾಲು' ಮತ್ತು 'ಶಾಲು' ನಡುವಿನ ವ್ಯತ್ಯಾಸ ಕಿವಿಗೆ ಮಸುಕಾಗಬಹುದು. ಮಾತಿನ ಸಂದರ್ಭದಿಂದ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ. ಚಳಿಗಾಲದ ಮುಂಚೆ ಅವ್ವ ಫೋನಿನಲ್ಲಿ "ಒಂದ್ ಶಾಲು ಕಳಸಪಾ" ಎಂದರೆ ನನಗೆ ಗೊಂದಲವಾಗುತ್ತಿರಲಿಲ್ಲ. ಔಷಧಿಯ ಹೆಸರು ಹೇಳುವಾಗ ಮಾತ್ರ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತು.

256 ಮೆಟ್ಟಿಲುಗಳನ್ನು ಹಂಚುವುದರಲ್ಲಿಯೂ ಒಂದು ಜಾಣ್ಮೆ ಇದೆ. ದೇರಾದ ಚಿನ್ನದ ಅಂಗಡಿಯಲ್ಲಿ ಗ್ರಾಮಿನ ನೂರನೆಯ ಒಂದು ಭಾಗವನ್ನೂ ತೂಗುತ್ತಾರೆ. ತರಕಾರಿ ಸಗಟು ಮಾರುಕಟ್ಟೆಯಲ್ಲಿ ಹತ್ತು ಗ್ರಾಂ ಹೆಚ್ಚುಕಡಿಮೆಯಾದರೆ ಯಾರೂ ಕೇಳುವುದಿಲ್ಲ. ಹಾಗೆಯೇ ಮೆಲುದನಿಗೆ ಚಿಕ್ಕ ಚಿಕ್ಕ ಮೆಟ್ಟಿಲು, ಜೋರು ದನಿಗೆ ದೊಡ್ಡ ಮೆಟ್ಟಿಲು. ಪಿಸುಮಾತೂ ಕೂಗೂ ಎರಡೂ ಆ ಎಂಟು ಬಿಟ್‌ನೊಳಗೆ ತಕ್ಕಮಟ್ಟಿಗೆ ಹಿಡಿಯುವುದು ಹೀಗೆ.

ಕಿತ್ತೂರು, ಜುಲೈ 1986

ಭಾರತದ ಟೆಲಿಫೋನ್ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಮೊದಲಿನಿಂದಲೂ ಜಾಗವಿದೆ. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ನಮ್ಮೆಲ್ಲರ ಐಟಿಐ, ದೇಶಕ್ಕೆ ಟೆಲಿಫೋನ್ ಉಪಕರಣಗಳನ್ನು ಮಾಡಿಕೊಟ್ಟಿತು. ಆಗಿನ ಎಕ್ಸ್‌ಚೇಂಜುಗಳಲ್ಲಿ ಕರೆಗಳನ್ನು ಜೋಡಿಸುತ್ತಿದ್ದದ್ದು ಏರುತ್ತ ತಿರುಗುತ್ತ ಚಲಿಸುವ ಲೋಹದ ಭಾಗಗಳು. ಧೂಳು, ತೇವ, ಸವೆತ ಇವುಗಳ ಶತ್ರುಗಳು. ಅಂಥ ಯಂತ್ರವನ್ನು ಹಳ್ಳಿಗಳಲ್ಲಿ ಸಾಕುವುದು ಕಷ್ಟ. ವಿದೇಶದ ಡಿಜಿಟಲ್ ಎಕ್ಸ್‌ಚೇಂಜುಗಳೋ ದೊಡ್ಡ ಪಟ್ಟಣಗಳಿಗೆಂದು ಮಾಡಿದವು, ಹವಾನಿಯಂತ್ರಣ ಬೇಡುವಂಥವು.

1984ರ ಆಗಸ್ಟಿನಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಸ್ಯಾಮ್ ಪಿತ್ರೋಡಾ ಇದರ ಹಿಂದಿನ ಪ್ರೇರಣೆ. ದೆಹಲಿ ಮತ್ತು ಬೆಂಗಳೂರಿನಲ್ಲಿ ತರುಣ ಎಂಜಿನಿಯರುಗಳು ಕೆಲಸಕ್ಕೆ ಕೂತರು. ಅವರಿಗೆ ಕೊಟ್ಟದ್ದು 36 ತಿಂಗಳು, 36 ಕೋಟಿ ರೂಪಾಯಿ. ಎರಡು ವರ್ಷದೊಳಗೆ ಅವರು ಹಳ್ಳಿಗಳಿಗೆಂದೇ ಒಂದು ಪುಟ್ಟ ಡಿಜಿಟಲ್ ಎಕ್ಸ್‌ಚೇಂಜ್ ಸಿದ್ಧಪಡಿಸಿದರು. ಅದಕ್ಕೆ 128 ಪೋರ್ಟುಗಳು. ಏರ್ ಕಂಡೀಷನರ್ ಬೇಡ. ಅದರ ಮೊದಲನೆಯದನ್ನು 1986ರ ಜುಲೈಯಲ್ಲಿ ಕಿತ್ತೂರಿನಲ್ಲಿ ಚಾಲೂ ಮಾಡಿದರು.

ಕಿತ್ತೂರು ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಊರು. 1824ರಲ್ಲಿ ರಾಣಿ ಚೆನ್ನಮ್ಮ ಬ್ರಿಟಿಷರ ವಿರುದ್ಧ ಎದ್ದು ನಿಂತ ಊರೆಂದು ಶಾಲೆಯ ಮಕ್ಕಳಿಗೂ ಗೊತ್ತು. ನಮ್ಮ ಹಳ್ಳಿ ಅಲ್ಲಿಂದ ಸ್ವಲ್ಪ ದೂರ. ಆ ಭಾಗದ ಜನರಿಗೆ ಈ ಎಕ್ಸ್‌ಚೇಂಜಿನಿಂದ ಆದ ಬದಲಾವಣೆ ಸರಳವಾಗಿತ್ತು: "ಲೈನ್ ಹತ್ತತದ" ಎನ್ನುವ ನಂಬಿಕೆ ಬಂತು. ಮಾತಾಡುವವರ ಮನೆಯಿಂದ ಎಕ್ಸ್‌ಚೇಂಜಿನವರೆಗೆ ಹಳೆಯ ತಾಮ್ರದ ತಂತಿಯೇ, ಅದರಲ್ಲಿ ಹರಿಯುತ್ತಿದ್ದದ್ದು ಅಲೆಯೇ. ಎಕ್ಸ್‌ಚೇಂಜಿನ ಬಾಗಿಲಲ್ಲಿ, ಪ್ರತಿ ಲೈನಿಗೂ ಇದ್ದ ಬೆರಳುಗುರಿನಷ್ಟು ಚಿಪ್ಪಿನೊಳಗೆ, ಅದು ಸೆಕೆಂಡಿಗೆ 8,000 ಅಂಕಿಗಳಾಗುತ್ತಿತ್ತು. ಒಳಗೆ ಕರೆ ಜೋಡಿಸುವುದೆಂದರೆ ಲೋಹದ ಕೈ ಚಲಿಸುವುದಲ್ಲ, ಈ ಅಂಕಿಗಳನ್ನು ಒಂದು ಖಾನೆಯಿಂದ ಇನ್ನೊಂದು ಖಾನೆಗೆ ಹಾಕುವುದು. ಸವೆಯುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮುಂದೆ ಸಿ-ಡಾಟ್ ಎಕ್ಸ್‌ಚೇಂಜುಗಳು ದೇಶದ ಸಾವಿರಾರು ಹಳ್ಳಿಗಳಿಗೆ ಹೋದವು. ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಊರೂರಿಗೆ ಹಬ್ಬಿದ್ದರ ಹಿಂದೆ ಇವುಗಳ ಪಾಲು ದೊಡ್ಡದು.

ಈ ದಡದ ಕಥೆ

ಇತ್ತ ದುಬೈಯ ಮೊದಲ ಟೆಲಿಫೋನ್ ಕಂಪನಿ 1959ರಲ್ಲಿ ಹುಟ್ಟಿತು. ಒಕ್ಕೂಟ ರಚನೆಯಾಗಿ ಐದು ವರ್ಷಕ್ಕೆ, 1976ರಲ್ಲಿ, ಎತಿಸಲಾತ್ ಸ್ಥಾಪನೆಯಾಯಿತು. 1994ರಲ್ಲಿ ಜಿಎಸ್‌ಎಂ ಮೊಬೈಲ್ ಬಂತು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು.

ನಾನು ಬಂದ ಹೊಸತರಲ್ಲಿ ಊರಿಗೆ ಮಾಡುವ ಕರೆ ಶುಕ್ರವಾರದ ವಿಧಿ. ಆಗ ವಾರದ ರಜೆ ಶುಕ್ರವಾರ. ಬೂತಿನವನ ಜತೆ ಮೊದಲೇ ಹೊತ್ತು ಗೊತ್ತುಮಾಡಿಕೊಂಡು ಅವ್ವ, ಅಪ್ಪ ಕಿತ್ತೂರಿಗೆ ಬಂದು ಕೂರುತ್ತಿದ್ದರು. ಉಪಗ್ರಹದ ಮೂಲಕ ಬಂದ ಕರೆಯಾದರೆ ಒಂದು ವಿಚಿತ್ರ ಅನುಭವ. ನಾನು ಮಾತು ಮುಗಿಸಿದ ಮೇಲೆ ಒಂದು ಕ್ಷಣ ಮೌನ, ಆಮೇಲೆ ಉತ್ತರ. ಎಷ್ಟೋ ಸಲ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ ಇಬ್ಬರೂ ಒಟ್ಟಿಗೆ ನಿಲ್ಲುತ್ತಿದ್ದೆವು. ಇದಕ್ಕೆ ಡಿಜಿಟಲ್ ಕಾರಣವಲ್ಲ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಹೋಗಿ ಇಳಿಯಲು ಕಾಲು ಸೆಕೆಂಡು, ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡು. 1997ರಲ್ಲಿ ಫ್ಲ್ಯಾಗ್ ಎಂಬ ಆಪ್ಟಿಕಲ್ ಫೈಬರ್ ಕೇಬಲ್ ಸಮುದ್ರದಡಿಯಲ್ಲಿ ಫುಜೈರಾವನ್ನೂ ಮುಂಬಯಿಯನ್ನೂ ಮುಟ್ಟಿತು. ಇಂಥ ಕೇಬಲ್ಲುಗಳಲ್ಲಿ ಹೋದ ಕರೆಗೆ ಆ ಮೌನವಿಲ್ಲ. ರೀವ್ಸ್‌ನ ಸೊನ್ನೆ-ಒಂದುಗಳು ಬೆಳಕಿನ ಮಿಣುಕುಗಳಾಗಿ ಅರಬ್ಬೀ ಸಮುದ್ರ ದಾಟುತ್ತಿದ್ದವು.

ಮೊಬೈಲ್ ಬಂದಾಗ ದನಿಯನ್ನು ಇನ್ನೂ ಹಿಂಡಬೇಕಾಯಿತು, ಗಾಳಿಯಲ್ಲಿ ಜಾಗ ಕಡಿಮೆ. ಜಿಎಸ್‌ಎಂನ ಮೊದಲ ವಿಧಾನ 64,000 ಬಿಟ್‌ಗಳ ಬದಲು 13,000 ಬಿಟ್‌ಗಳಲ್ಲಿ ಕೆಲಸ ಮುಗಿಸಿತು. ವೈದ್ಯನಾದ ನನಗೆ ಇದರ ಉಪಾಯ ಬಹಳ ಹಿಡಿಸಿತು. ಅದು ಮಾತಾಡುವವರ ಗಂಟಲು ಮತ್ತು ಬಾಯಿಯ ಆಕಾರವನ್ನು ಒಂದು ಸೋಸುಕದಂತೆ ಭಾವಿಸಿ, ಸೆಕೆಂಡಿಗೆ 50 ಸಲ ಅದರ ವಿವರ ಕಳಿಸುತ್ತದೆ. ಆ ಕಡೆಯ ಫೋನು ಆ ವಿವರದಿಂದ ದನಿಯನ್ನು ಮತ್ತೆ ಕಟ್ಟುತ್ತದೆ. ಮನುಷ್ಯನ ಮಾತಿಗೆ ಇದು ಸರಿ. ತಂಬೂರಿಗೆ, ಚಂಡೆಗೆ, ಮಗುವಿನ ಗೆಜ್ಜೆಗೆ ಗಂಟಲಿಲ್ಲ. ಮೊಬೈಲಿನಲ್ಲಿ ಸಂಗೀತ ಸೊರಗಿ ಕೇಳುತ್ತಿದ್ದದ್ದು ಇದೇ ಕಾರಣಕ್ಕೆ.

ಎರಡು ಅಳತೆಗಳ ನಡುವೆ

ಇಲ್ಲಿಯವರೆಗಿನ ಕಥೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಏನನ್ನು ಉಳಿಸಬೇಕು ಎಂಬ ತೀರ್ಮಾನ ಅಳೆಯುವ ಗಳಿಗೆಯಲ್ಲೇ ಆಗಿಬಿಡುತ್ತದೆ. ಆಗ ಬಿಟ್ಟದ್ದನ್ನು ಮುಂದೆ ಯಾವ ಕಂಪ್ಯೂಟರೂ ನಿಜವಾಗಿ ಮರಳಿ ತರಲಾರದು, ಊಹಿಸಿ ತುಂಬಬಹುದು ಅಷ್ಟೆ.

ನಮ್ಮ ವೃತ್ತಿಯಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇಸಿಜಿ. ಹಾಲೆಂಡಿನ ವಿಲೆಮ್ ಐಂಥೋವನ್ 1905ರಲ್ಲಿ ಆಸ್ಪತ್ರೆಯ ರೋಗಿಯ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತನ್ನ ಪ್ರಯೋಗಾಲಯಕ್ಕೆ ಕಳಿಸಿದ್ದ. ಅದು ಪೂರ್ತಿ ಅನಲಾಗ್. ಈಗಿನ ಇಸಿಜಿ ಯಂತ್ರ ಸೆಕೆಂಡಿಗೆ 500 ಸಲ ಅಳೆಯುತ್ತದೆ ಎನ್ನೋಣ. ಹೃದಯದ ಬಡಿತಕ್ಕೆ ಅದು ಧಾರಾಳ. ಆದರೆ ಪೇಸ್‌ಮೇಕರ್ ಕೊಡುವ ಮಿಡಿತ ಸೆಕೆಂಡಿನ ಸಾವಿರದ ಅರ್ಧ ಭಾಗದಷ್ಟು ಚಿಕ್ಕದು, ಅಳತೆಗಳ ಅಂತರ ಸಾವಿರದ ಎರಡು ಭಾಗ. ಮಿಡಿತ ಎರಡು ಅಳತೆಗಳ ನಡುವೆ ಬಿದ್ದು ಮಾಯವಾಗಬಹುದು. ಅದಕ್ಕೆಂದೇ ಯಂತ್ರಗಳಲ್ಲಿ ಆ ಮಿಡಿತವನ್ನು ಪತ್ತೆಹಚ್ಚುವ ಬೇರೆ ವ್ಯವಸ್ಥೆ ಇಡುತ್ತಾರೆ. ಕಾಗದದ ಮೇಲೆ ಕಾಣದಿದ್ದರೆ ದೇಹದಲ್ಲಿ ಇಲ್ಲವೆಂದಲ್ಲ ಎಂದು ಕಿರಿಯ ವೈದ್ಯರಿಗೆ ನಾವು ಹೇಳಿಕೊಡುತ್ತೇವೆ.

ನಮ್ಮ ಕಪಾಟಿನ ಕ್ಯಾಸೆಟ್ಟುಗಳು

ಇದೆಲ್ಲ ಈಗ ಏಕೆ ಮುಖ್ಯವೆಂದರೆ, ನಮ್ಮಲ್ಲಿ ಹಲವರ ಮನೆಯಲ್ಲಿ ಇನ್ನೂ ಅಳೆಯದೆ ಉಳಿದ ದನಿ ಇದೆ. ಎಂಬತ್ತರ, ತೊಂಬತ್ತರ ದಶಕದ ಮಾತಿನ ಕ್ಯಾಸೆಟ್ಟುಗಳು. ಗಲ್ಫಿನಿಂದ ಊರಿಗೆ ಹೋದ ಟೇಪ್ ರೆಕಾರ್ಡರಿನಲ್ಲಿ ಮನೆಮಂದಿ ಸರದಿಯ ಮೇಲೆ ಮಾತಾಡಿ, ಬಂದವರ ಕೈಯಲ್ಲಿ ಕಳಿಸಿದ್ದು. ಕರಾವಳಿಯ ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ನಮ್ಮಲ್ಲಿ ಧಾರವಾಡದ ಕನ್ನಡ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಕ್ಯಾಸೆಟ್ ಪೂರ್ತಿ ಅನಲಾಗ್. ಅದರ ಪಟ್ಟಿಯ ಮೇಲಿನ ಕಾಂತೀಯ ಪುಡಿ ಕಾಲಕ್ರಮೇಣ ಸೊರಗುತ್ತದೆ. ಒಳಗಿನ ಚಿಕ್ಕ ಒತ್ತುಗುಬುಟು ಕಳಚುತ್ತದೆ. ಇಲ್ಲಿಯ ಸೆಕೆ ಅದಕ್ಕೆ ಹಿತವಲ್ಲ.

ನನ್ನ ಬಳಿ ಅಂಥ ಐದು ಕ್ಯಾಸೆಟ್ಟುಗಳಿವೆ. ಎರಡು ವರ್ಷದ ಹಿಂದೆ ಒಂದು ಅಂಗಡಿಗೆ ಕೊಟ್ಟು ಡಿಜಿಟಲ್ ಮಾಡಿಸಿದೆ. ಬಂದ ಫೈಲು ತೊಳೆದಿಟ್ಟ ಪಾತ್ರೆಯಂತೆ ಸ್ವಚ್ಛವಾಗಿತ್ತು. ಅಪ್ಪನ ಮಾತು ಇತ್ತು, ಮಾತುಗಳ ನಡುವೆ ಏನೂ ಇರಲಿಲ್ಲ. 'ಸದ್ದು ತೆಗೆಯುವ' ಸಾಫ್ಟ್‌ವೇರು ಅವನ ಉಸಿರು, ಕೆಮ್ಮು, ಹಿತ್ತಲಿನ ಕೋಳಿ, ದೂರದ ಹಿಟ್ಟಿನ ಗಿರಣಿ ಎಲ್ಲವನ್ನೂ ಕಸವೆಂದು ಗುಡಿಸಿತ್ತು. ಮೂಲ ಕ್ಯಾಸೆಟ್ಟುಗಳು ವಾಪಸು ಬಂದಿದ್ದವು. ಒಳ್ಳೆಯ ಟೇಪ್ ಡೆಕ್ ಹುಡುಕಿ, ಏನನ್ನೂ ಸೋಸದೆ, ಮತ್ತೆ ದಾಖಲಿಸಿಕೊಂಡೆ. 1989ರ ಒಂದು ಕ್ಯಾಸೆಟ್ಟಿನಲ್ಲಿ ಅಪ್ಪ "ನನಗೇನೂ ಆಗಿಲ್ಲ, ಆರಾಮ ಅದೀನಿ" ಎನ್ನುತ್ತಾನೆ. ಹೇಳಿ ಮುಗಿಸುವ ಮುಂಚೆ ಎರಡು ಸಲ ಉಸಿರೆಳೆದುಕೊಳ್ಳುತ್ತಾನೆ. ಅವನಿಗೆ ಆಗಲೇ ಎದೆಯ ತೊಂದರೆ ಇತ್ತೆಂದು ಆ ಎರಡು ಉಸಿರು ಹೇಳುತ್ತವೆ. ಅವನ ಮಾತು ಅದನ್ನು ಮಗನಿಂದ ಮುಚ್ಚಿಡುತ್ತದೆ. ನನ್ನ ಮೊಮ್ಮಕ್ಕಳಿಗೆ ಉಳಿಯಬೇಕಾದದ್ದು ಎರಡೂ.

ಹಾಗಾಗಿ ಸದಸ್ಯರಲ್ಲಿ ಕೆಲವು ಸಲಹೆಗಳು. ದನಿಯ ದಾಖಲೆಗಳನ್ನು ಕಾಪಾಡುವವರ ಅಂತರರಾಷ್ಟ್ರೀಯ ಸಂಘ ಹೇಳುವ ಕನಿಷ್ಠ ಮಟ್ಟ ಸೆಕೆಂಡಿಗೆ 48,000 ಅಳತೆ, ಪ್ರತಿ ಅಳತೆಗೆ 24 ಬಿಟ್. ಅಂದರೆ ಒಂದು ಕೋಟಿ 67 ಲಕ್ಷಕ್ಕೂ ಹೆಚ್ಚು ಮೆಟ್ಟಿಲು. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 520 ಮೆಗಾಬೈಟ್ ಆದೀತು. ಇವತ್ತಿನ ಪೆನ್ ಡ್ರೈವಿಗೆ ಇದು ಭಾರವಲ್ಲ. ಹಿಂಡಿದ ಎಂಪಿ3 ಬೇಡ, ವೇವ್ ಫೈಲ್ ಕೇಳಿ. ಮೊದಲ ಪ್ರತಿಯಲ್ಲಿ ಸದ್ದು ತೆಗೆಸಬೇಡಿ. ಬೇಕಿದ್ದರೆ ಅದರ ನಕಲಿನಲ್ಲಿ ತೆಗೆಸಿ. ಮೂರು ಕಡೆ ಪ್ರತಿ ಇಡಿ, ಒಂದು ಊರಿನಲ್ಲಿರಲಿ. ಡಿಜಿಟಲ್ ಆಯಿತೆಂದು ಕ್ಯಾಸೆಟ್ ಎಸೆಯಬೇಡಿ.

ಅಬುಧಾಬಿಯಲ್ಲಿ 1968ರಲ್ಲಿ ಶುರುವಾಗಿ ಇಂದು ರಾಷ್ಟ್ರೀಯ ಗ್ರಂಥಾಲಯ ಮತ್ತು ದಾಖಲೆಗಾರವಾಗಿರುವ ಸಂಸ್ಥೆ ಈ ನಾಡಿನ ಹಿರಿಯರ ಬಾಯಿಮಾತಿನ ಚರಿತ್ರೆಯನ್ನು ದಾಖಲಿಸುತ್ತ ಬಂದಿದೆ. ಮುತ್ತಿನ ಕಾಲ, ಎಣ್ಣೆಗೆ ಮುಂಚಿನ ಬದುಕು ಅವರ ದನಿಯಲ್ಲೇ ಉಳಿಯಬೇಕೆಂಬ ಎಚ್ಚರ ಅದು. ಇಲ್ಲಿಗೆ ಬಂದ ಕನ್ನಡಿಗರ ಚರಿತ್ರೆಯನ್ನು ನಮ್ಮ ಪರವಾಗಿ ಬೇರೆ ಯಾರು ಕೂಡಿಡುತ್ತಾರೆ? ಸಂಘದ ಕಚೇರಿಯಲ್ಲಿ ಒಂದು ಒಳ್ಳೆಯ ಟೇಪ್ ಡೆಕ್, ಒಂದು ಕಂಪ್ಯೂಟರ್, ತಿಂಗಳಿಗೆ ಒಂದು ಶನಿವಾರ ಇಷ್ಟಿದ್ದರೆ ಈ ಕೆಲಸ ಶುರುವಾಗುತ್ತದೆ. ಕಾರ್ಯಕಾರಿ ಸಮಿತಿ ಇದನ್ನು ಪರಿಶೀಲಿಸಲಿ ಎಂದು ಕೋರುತ್ತೇನೆ. ಆ ಶನಿವಾರಗಳಲ್ಲಿ ನಾನಂತೂ ಬಂದು ಕೂರುತ್ತೇನೆ.

ಕ್ಯಾಸೆಟ್ ತರುವಾಗ ಒಂದು ಚೀಟಿಯನ್ನೂ ತನ್ನಿ: ಯಾರ ದನಿ, ಯಾವ ಊರು, ಯಾವ ವರ್ಷ, ಹಿಂದೆ ಮಾತಾಡುತ್ತಿರುವವರು ಯಾರು. ದನಿಯನ್ನು ಯಂತ್ರ ಅಳೆಯುತ್ತದೆ, ಅದು ಯಾರದೆಂದು ಹೇಳಲು ಮನೆಯ ಹಿರಿಯರೇ ಬೇಕು. ಅವರು ನಮ್ಮ ಜತೆಗಿರುವಾಗಲೇ ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿಸಿ, ಕೇಳಿ ಬರೆದುಕೊಳ್ಳಿ.